ಪ್ರಾರ್ಥನೆಗೆ ಕೂತರೆ ಮನಸ್ಸು ಅಲೆಯುತ್ತದೆ, ಸುಲಭದ ಕ್ರಮ ಇದೆಯಾ?

ಇದೆ, ಅದೂ ಹಳೆಯದೇ. 1535ರಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಪೀಟರ್ ಎಂಬ ಕ್ಷೌರಿಕ ಹೀಗೇ ಕೇಳಿದ್ದಕ್ಕೆ ಕ್ರೈಸ್ತ ಧರ್ಮಸುಧಾರಕ ಮಾರ್ಟಿನ್ ಲೂಥರ್ ಒಂದು ಕಿರುಪುಸ್ತಕವನ್ನೇ ಬರೆದುಕೊಟ್ಟರು. ಕತ್ತಿ ಹಿಡಿದವನ ಗಮನ ಕೂದಲಿನ ಮೇಲಿರಬೇಕು, ಹರಟೆಗೆ ಕೂತರೆ ಗಿರಾಕಿಯ ಮೂಗು ಹೋದೀತು, ಪ್ರಾರ್ಥನೆಯೂ ಹಾಗೇ ಎಂದು ಅವನಿಗೆ ಹೇಳಿದರು.

ಕ್ರಮ ಇಷ್ಟೇ. ಬೈಬಲ್ಲಿನ ಒಂದೇ ಒಂದು ಸಾಲು ತೆಗೆದುಕೊಳ್ಳಿ. ಅದರ ಮೇಲೆ ನಾಲ್ಕು ಸಲ ನಿಲ್ಲಿ: ಇದು ಏನು ಕಲಿಸುತ್ತದೆ, ಯಾವುದಕ್ಕೆ ಕೃತಜ್ಞತೆ ಹೇಳಲಿ, ಯಾವ ತಪ್ಪನ್ನು ಒಪ್ಪಿಕೊಳ್ಳಲಿ, ಏನು ಬೇಡಲಿ.

ದಶಾಜ್ಞೆಗಳಲ್ಲಿ, ಅಂದರೆ ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ, 'ಕದಿಯಬಾರದು' ಎಂಬುದನ್ನೇ ನೋಡಿ. ಬೇರೆಯವರದ್ದನ್ನು ಮುಟ್ಟಬಾರದು, ಇದು ಪಾಠ. ನನ್ನ ಮನೆ, ದುಡಿಮೆ ಉಳಿದಿದೆಯಲ್ಲ, ಅದಕ್ಕೆ ಕೃತಜ್ಞತೆ. ಮೂರನೆಯದರಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಾಗುತ್ತದೆ. ನಾನೇನು ಕಳ್ಳನಾ ಅನ್ನಿಸುತ್ತದೆ, ಅಲ್ವಾ? ಆದರೆ ಕೆಲಸದವರಿಗೆ ಕೂಲಿ ತಡಮಾಡಿದ್ದು, ಸಾಲ ತೀರಿಸದೆ ಮುಂದೂಡಿದ್ದು ಒಂದೊಂದಾಗಿ ನೆನಪಾಗುತ್ತದೆ. ಆಮೇಲಿನ ಬೇಡಿಕೆ ತಾನಾಗಿಯೇ ಬರುತ್ತದೆ: ನನ್ನನ್ನು ತಿದ್ದು, ಮೋಸ ಹೋದವರಿಗೆ ನ್ಯಾಯ ಕೊಡು.

ನಾಲ್ಕೂ ಮುಗಿಯಲೇಬೇಕು ಅಂತೇನಿಲ್ಲ. ಎರಡನೆಯದರಲ್ಲೇ ಮನಸ್ಸು ತುಂಬಿ ಬಂದರೆ ಉಳಿದದ್ದನ್ನು ಬಿಟ್ಟು ಸುಮ್ನೆ ಕೂತು ಕೇಳಿಸಿಕೊಳ್ಳಿ ಎನ್ನುತ್ತಾರೆ ಲೂಥರ್. ನನಗೆ ಈ ಕ್ರಮದಲ್ಲಿ ತುಂಬಾ ಹಿಡಿಸಿದ್ದು ಈ ಸಡಿಲಿಕೆಯೇ.

ಹೊತ್ತಿನ ಬಗ್ಗೆ ಮಾತ್ರ ಅವರು ಬಿಗಿ. ಬೆಳಿಗ್ಗೆ ಮೊದಲ ಕೆಲಸ, ರಾತ್ರಿ ಕೊನೆಯ ಕೆಲಸ ಇದೇ ಆಗಿರಲಿ. 'ಒಂದು ಗಂಟೆ ಬಿಟ್ಟು ಮಾಡ್ತೀನಿ' ಅಂದರೆ ಆ ದಿನ ಪ್ರಾರ್ಥನೆ ಆಗುವುದೇ ಇಲ್ಲ. ಹೊಸಬರು ದಶಾಜ್ಞೆಗಿಂತ ಯೇಸು ಕಲಿಸಿದ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆಯ ಒಂದು ಸಾಲಿನಿಂದ ಶುರುಮಾಡಿದರೆ ಸುಲಭ. ಹೇಗೂ ಬಾಯಿಗೆ ಬರುತ್ತದೆ.