ಟಿಬಿ ಮಾತ್ರೆ, ಲಿವರ್ ಮತ್ತು 'ಸ್ಲೋ' ಜೀನ್

ಟಿಬಿಯ ಒಂದು ಔಷಧಿಯನ್ನು ದೇಹ ಎಷ್ಟು ಬೇಗ ಹೊರಗೆ ಹಾಕುತ್ತದೆ ಅನ್ನುವುದು ನ್ಯಾಟ್-2 ಎಂಬ ಜೀನ್ ಮೇಲೆ ನಿಂತಿದೆ. ಅದರ ಬಗ್ಗೆ ಪ್ರತಿ ತಿಂಗಳೂ ಅವೇ ಪ್ರಶ್ನೆಗಳು ಬರುತ್ತಿವೆ. ಒಂದಕ್ಕೆ ಮಾತ್ರ ಉದ್ದವಾಗಿ ಉತ್ತರಿಸುತ್ತೇನೆ. ಅಲ್ಲಿ ಜೀವದ ಪ್ರಶ್ನೆ ಇದೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಟಿಬಿ ಮಾತ್ರೆ ಶುರುವಾಗಿ ಮೂರು ವಾರ. ಊಟ ಸೇರುತ್ತಿಲ್ಲ, ಎರಡು ದಿನದಿಂದ ವಾಂತಿ, ಮೂತ್ರ ಕೆಂಪಗಿದೆ. ಜೀನ್ ಟೆಸ್ಟ್ ಮಾಡಿಸೋಣ ಅಂತಾನೆ ಮೈದುನ. ಮಾತ್ರೆ ಬಿಟ್ಟು ಬೇರಿನ ರಸ ಕುಡಿಸಿ ಅಂತಾರೆ ಊರಲ್ಲಿ ಮದ್ದು ಕೊಡುವವರು. ಏನು ಮಾಡಲಿ?

ಉತ್ತರ: ಅಮ್ಮಾ, ಇಂಥದ್ದಕ್ಕೆ ಪತ್ರ ಬರೆದು ಕಾಯಬಾರದು. ಎರಡು ದಿನದ ವಾಂತಿ ಅಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಮುಂದಿನ ಡೋಸ್ ನುಂಗುವ ಮೊದಲೇ ಕರೆದುಕೊಂಡು ಹೋಗಿ, ಲಿವರ್ ಟೆಸ್ಟ್ ಮಾಡಿಸಿ.

ಮೂತ್ರದ ಬಣ್ಣ ಒಂದನ್ನೇ ನೋಡಿ ಹೆದರಬೇಡಿ. ಟಿಬಿ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಔಷಧಿ ಮೊದಲ ದಿನದಿಂದಲೇ ಮೂತ್ರವನ್ನು ಕಿತ್ತಳೆ, ಕೆಂಪು ಮಾಡುತ್ತದೆ. ಅದು ಮಾತ್ರೆಯ ಬಣ್ಣ ಅಷ್ಟೇ. ಕಣ್ಣಿನ ಬಿಳಿ ಭಾಗವನ್ನು ಹಗಲು ಬೆಳಕಿನಲ್ಲಿ ನೋಡಿ. ಅದು ಹಳದಿಯಾಗಿದ್ದರೆ ಕಾಮಾಲೆ. ಆದರೆ ಕಣ್ಣು ಹಳದಿಯಾಗಲಿ ಅಂತ ಕಾಯುವುದೂ ತಪ್ಪು. ಊಟ ಸೇರದಿರುವುದು, ವಾಂತಿ, ವಿಪರೀತ ಸುಸ್ತು ಎಷ್ಟೋ ಸಲ ಮೊದಲೇ ಬರುತ್ತವೆ.

ಇನ್ನು ಜೀನ್ ವಿಷಯ. ಟಿಬಿಗೆ 1952ರಿಂದ ಕೊಡುತ್ತಿರುವ ಐಸೋನಿಯಾಜಿಡ್ ನಮ್ಮ ದೇಹಕ್ಕೆ ಹೊರಗಿನ ರಾಸಾಯನಿಕ. ಅದನ್ನು ಬದಲಾಯಿಸಿ ಹೊರಗೆ ಹಾಕುವ ಒಂದು ಕಿಣ್ವ ಲಿವರ್‌ನಲ್ಲಿದೆ. ಆ ಕಿಣ್ವವನ್ನು ಮಾಡಿಸುವ ಜೀನೇ ನ್ಯಾಟ್-2, ಎಂಟನೇ ಕ್ರೋಮೋಸೋಮಿನಲ್ಲಿದೆ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ. ಎರಡೂ ನಿಧಾನದ್ದಾದರೆ ಕೆಲಸ ನಿಧಾನ, ಅದನ್ನೇ 'ಸ್ಲೋ' ಅನ್ನುವುದು. ವೇಗದವರ ರಕ್ತದಲ್ಲಿ ಐಸೋನಿಯಾಜಿಡ್ ಸುಮಾರು ಒಂದು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ನಿಧಾನದವರಲ್ಲಿ ಅದಕ್ಕೆ ಮೂರು ಗಂಟೆ ಬೇಕಾಗಬಹುದು. ಔಷಧಿ ಒಡೆದಾಗ ಹುಟ್ಟುವ ಹೈಡ್ರಜೀನ್ ಜಾತಿಯ ವಸ್ತುಗಳನ್ನು ನಿರಪಾಯ ಮಾಡುವುದೂ ಇದೇ ಕಿಣ್ವ. ಅವು ಉಳಿದುಕೊಂಡರೆ ಲಿವರ್‌ಗೆ ಪೆಟ್ಟು. ಕುಡಿಯುವವರಿಗೆ ಅಪಾಯ ಇನ್ನೂ ಜಾಸ್ತಿ.

ಆದರೆ ನಮ್ಮ ದೇಶದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನಿಧಾನದವರೇ. ಅವರಲ್ಲಿ ಬಹಳ ಮಂದಿ ಇದೇ ಮಾತ್ರೆ ತಿಂದು ಲಿವರ್‌ಗೆ ಏನೂ ಆಗದೆ ಗುಣವಾಗಿದ್ದಾರೆ. ವೇಗದವರಿಗೂ ಲಿವರ್ ಕೆಡುವುದುಂಟು, ಯಾಕಂದ್ರೆ ಜೊತೆಗಿರುವ ಪೈರಜಿನಮೈಡ್, ರಿಫಾಂಪಿಸಿನ್‌ಗಳೂ ತೊಂದರೆ ಕೊಡಬಲ್ಲವು. ಹಾಗಾಗಿ ಇವತ್ತು ನಿಮಗೆ ಬೇಕಿರುವುದು ಲಿವರ್ ಟೆಸ್ಟ್, ಜೀನ್ ಟೆಸ್ಟ್ ಅಲ್ಲ. ಜಪಾನಿನಲ್ಲಿ ಜೀನ್ ನೋಡಿ ಡೋಸ್ ಕೊಟ್ಟ ಅಧ್ಯಯನ 2013ರಲ್ಲಿ ಬಂತು. ನಿಧಾನದವರಿಗೆ ಕಡಿಮೆ ಕೊಟ್ಟಾಗ ಲಿವರ್ ತೊಂದರೆ ಕಡಿಮೆಯಾಯಿತು. ಮುಂದೆ ನಮ್ಮಲ್ಲೂ ಅದು ಬರಲಿ ಅಂತ ನನಗೂ ಆಸೆ ಇದೆ. ಅಲ್ಲಿಯವರೆಗೆ ನೀವೇ ಮಾತ್ರೆ ಮುರಿದು ಅರ್ಧ ಕೊಡಬೇಡಿ. ನಾಲ್ಕು ಔಷಧಿ ಸೇರಿದ ಮಾತ್ರೆ ಅದು. ಮುರಿದರೆ ನಾಲ್ಕೂ ಅರ್ಧವಾಗುತ್ತವೆ, ರೋಗಾಣು ಔಷಧಿಗೆ ಬಗ್ಗದಂತಾಗುತ್ತದೆ.

ಲಿವರ್ ಕೆಟ್ಟಿದ್ದರೆ ಡಾಕ್ಟರೇ ಮಾತ್ರೆ ನಿಲ್ಲಿಸುತ್ತಾರೆ. ಲಿವರ್ ಸುಧಾರಿಸಿದ ಮೇಲೆ ಒಂದೊಂದಾಗಿ ಮತ್ತೆ ಶುರು ಮಾಡುತ್ತಾರೆ. ನಿಲ್ಲಿಸುವುದಕ್ಕೂ ಬಿಟ್ಟುಬಿಡುವುದಕ್ಕೂ ಇರುವ ವ್ಯತ್ಯಾಸ ಇದು.

ಬೇರಿನ ರಸದ ಬಗ್ಗೆ ನನಗೆ ನಿಜವಾಗಿ ಕೋಪವಿದೆ. ಪೆಟ್ಟು ತಿಂದ ಲಿವರ್ ಮೇಲೆ ಏನೆಂದೇ ಗೊತ್ತಿಲ್ಲದ ಇನ್ನೊಂದು ವಸ್ತು ಸುರಿಯುವುದು ಯಾವ ಚಿಕಿತ್ಸೆ? ಕಾಮಾಲೆಗೆ ಕೈಗೆ ಬರೆ ಹಾಕಿಸಿಕೊಂಡು ಹತ್ತು ದಿನ ತಡವಾಗಿ ಬಂದ ಒಬ್ಬರನ್ನು ನಾವು ಉಳಿಸಿಕೊಳ್ಳಲು ಆಗಲಿಲ್ಲ. ಆ ಸುಟ್ಟ ಗುರುತು ಇನ್ನೂ ನನ್ನ ಕಣ್ಣ ಮುಂದಿದೆ.

ಪ್ರಶ್ನೆ: ಟಿಬಿ ಮಾತ್ರೆಯಿಂದ ಪಾದ ಜುಮ್ಮೆನ್ನುತ್ತದೆ. ಇದೂ ಜೀನಿಂದಲಾ?

ಉತ್ತರ: ಇರಬಹುದು. ಮದ್ರಾಸಿನಲ್ಲಿ 1956ರಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರದವರು ಆಗಲೇ ಗಮನಿಸಿದ್ದರು: ಐಸೋನಿಯಾಜಿಡ್ ಡೋಸ್ ಜಾಸ್ತಿಯಾದಾಗ ನರದ ತೊಂದರೆ ನಿಧಾನದವರಲ್ಲೇ ಹೆಚ್ಚು. ಬಿ6 ವಿಟಮಿನ್ ಅದನ್ನು ತಡೆಯುತ್ತದೆ. ನಿಮ್ಮ ಚೀಟಿಯಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಪ್ರಶ್ನೆ: ಕಾಫಿ ಕುಡಿದರೆ ನಿದ್ದೆ ಬರಲ್ಲ. ನ್ಯಾಟ್-2 ಸ್ಲೋ ಇರಬಹುದಾ?

ಉತ್ತರ: ಕಾಫಿಯಲ್ಲಿರುವ ಕೆಫೀನನ್ನು ಒಡೆಯುವ ಮುಖ್ಯ ಕೆಲಸ ಬೇರೆ ಜೀನಿನದು. ಸಂಜೆ ಕಾಫಿ ಬಿಡಿ.

ಪ್ರಶ್ನೆ: ಲಿವರ್ ಕ್ಲೀನ್ ಮಾಡುವ ಪುಡಿ ತಿಂದರೆ ಜೀನ್ ಫಾಸ್ಟ್ ಆಗುತ್ತಾ?

ಉತ್ತರ: ಇಲ್ಲ. ಆ ದುಡ್ಡಿಗೆ ಮೊಟ್ಟೆ ತನ್ನಿ.

ಪ್ರಶ್ನೆ: ಹುಡುಗನ ರಿಪೋರ್ಟ್‌ನಲ್ಲಿ ಸ್ಲೋ ಅಂತ ಬಂದಿದೆ. ಸಂಬಂಧ ಮುಂದುವರಿಸಬಹುದಾ?

ಉತ್ತರ: ಅದು ಕಾಯಿಲೆ ಅಲ್ಲ. ಹುಡುಗಿಯೂ ಸ್ಲೋ ಇರುವ ಸಾಧ್ಯತೆಯೇ ಜಾಸ್ತಿ. ಮದುವೆ ಮಾಡಿ.