ಪ್ರತಿಕ್ರಿಯೆ: ಒಂದೇ ಬಿಲದ ದೊಡ್ಡ ಇಲಿ, ಸಣ್ಣ ಇಲಿ

ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲಾದ ಮೇಲೆ ಬದಿಯಡ್ಕದ ನಿಮ್ಮ ಗದ್ದೆಯ ಹುಣಿ (ಬದು) ಅಗೆದಾಗ ಒಂದೇ ಬಿಲದಲ್ಲಿ ಒಂದು ದೊಡ್ಡದು, ಕೆಲವು ಸಣ್ಣವು ಸಿಕ್ಕಿದ್ದು; ಸಣ್ಣವು ಬೇರೆ ಜಾತಿಯಾ, ದೊಡ್ಡದಕ್ಕೆ ನಾಲ್ಕೈದು ವರ್ಷ ಆಗಿರಬಹುದಾ ಅಂತ ಕೇಳಿದ್ದೀರಿ.

ಬಿಲದೊಳಗೆ ಭತ್ತದ ತೆನೆ ಕೂಡಿಟ್ಟಿತ್ತು ಅಂದಿರಲ್ಲ, ಅದು ಹೆಚ್ಚಾಗಿ ಗದ್ದೆ ಹೆಗ್ಗಣ. ಸಣ್ಣವುಗಳ ಹಿಂಗಾಲು ನೋಡಿ. ಮರಿಗೆ ಪಾದ ಬೇಗ ಬೆಳೆಯುತ್ತದೆ, ಮೈ ಆಮೇಲೆ. ಅಣ್ಣನ ಚಪ್ಪಲಿ ಹಾಕಿಕೊಂಡ ಹುಡುಗನ ಹಾಗೆ ಕಾಣುತ್ತದೆ. ತಲೆಯೂ ದೊಡ್ಡದು, ರೋಮ ಮೆತ್ತಗೆ. ಪಾದವೂ ಪುಟ್ಟದಾಗಿ ಮೈಗೆ ಒಪ್ಪುವಂತಿದ್ದರೆ ಅದು ಚಿಟ್ಟಿಲಿ ಅನ್ನುವ ಬೇರೆ ಸಣ್ಣ ಜಾತಿ, ಬೆಳೆದದ್ದೇ.

ನಾಲ್ಕೈದು ವರ್ಷ ಖಂಡಿತ ಇಲ್ಲ. ಹೊರಗೆ ಬದುಕುವ ಇಲಿಗಳಲ್ಲಿ ಹೆಚ್ಚಿನವು ಒಂದು ವರ್ಷವೂ ದಾಟುವುದಿಲ್ಲ. ತೂಕ ನಂಬಬೇಡಿ: ತೆನೆ ಬಲಿಯುವಾಗ ಹುಟ್ಟಿದ್ದು ತಿಂದು ಬೇಗ ದಪ್ಪಗಾಗುತ್ತದೆ, ಮೇವಿಲ್ಲದ ಕಾಲದ್ದು ಸೊರಗಿಯೇ ಇರುತ್ತದೆ. ಮುಂದಿನ ಬಾಚಿಹಲ್ಲು ಸಾಯುವವರೆಗೂ ಬೆಳೆಯುವುದರಿಂದ ಅದರಲ್ಲೂ ವಯಸ್ಸು ಸಿಗದು. ದವಡೆ ಹಲ್ಲು ಹಾಗಲ್ಲ, ಸವೆಯುತ್ತಾ ಹೋಗುತ್ತದೆ. ಏಣುಗಳು ನುಣ್ಣಗಾಗಿದ್ದರೆ ಮುದಿ ಇಲಿ. ವಯಸ್ಸು ತಿಳಿಯಲು ಸಂಶೋಧಕರು ಕಣ್ಣಿನ ಮಸೂರವನ್ನು ಒಣಗಿಸಿ ತೂಗುತ್ತಾರೆ, ಅದು ಜೀವನಪೂರ್ತಿ ಬೆಳೆಯುತ್ತದಂತೆ ನೋಡಿ! ನಮಗೆ ಅಷ್ಟೆಲ್ಲ ಬೇಡ.

ಗರ್ಭ ಸುಮಾರು ಮೂರೇ ವಾರ. ಹಾಗಾಗಿ ಕೊಯ್ಲಿನ ಹೊತ್ತಿಗೆ ಕಾಣುವ ಮರಿಗಳು ತೆನೆ ತುಂಬುವಾಗಿನ ಬಸಿರು. ಬಿಲ ಮುಚ್ಚುವುದಿದ್ದರೆ ಸುಗ್ಗಿ (ಎರಡನೇ) ಬೆಳೆಗೆ ಹೊಡೆ (ಇನ್ನೂ ಹೊರಬರದ ತೆನೆ) ಬರುವ ಮೊದಲೇ ಮುಚ್ಚಿ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ ಮಾರಾಯ್ರೆ, ಇಲಿಜ್ವರದ ಊರು ನಮ್ಮದು.