ಓದುಗರ ಪ್ರಶ್ನೆ: ಹಡಗು ಹೊರಡುವ ಮೊದಲೇ ದುಡ್ಡು ಬರಬೇಕು

ಪ್ರಶ್ನೆ: ನನ್ನ ತಮ್ಮ ಕೆನಡಾದಲ್ಲಿದ್ದಾನೆ. ಕೆಲಸದ ಮೇಲೆ ಉತ್ತರದ ಇಕಾಲುಯಿಟ್‌ಗೆ ಹೋಗಿ ಬಂದ. ಅಲ್ಲಿ ಸಣ್ಣ ಸರ್ಕಾರಿ ಮನೆಯಲ್ಲಿ ಹತ್ತು ಹನ್ನೆರಡು ಜನ ಇರುತ್ತಾರಂತೆ, ಪಾಳಿ ಮೇಲೆ ಮಲಗುತ್ತಾರಂತೆ. ಅಷ್ಟು ಶ್ರೀಮಂತ ದೇಶ, ಇರೋರು ಸ್ವಲ್ಪ ಜನ. ಮನೆ ಕಟ್ಟಿಕೊಡೋಕೆ ಏನು ಕಷ್ಟ?
- ಧಾರವಾಡದ ಓದುಗರು

ಉತ್ತರ: ನಿಮ್ಮ ತಮ್ಮ ಹೇಳಿದ್ದು ನಿಜ. ಇಕಾಲುಯಿಟ್ ಇರುವುದು ಕೆನಡಾದ ಉತ್ತರ ತುದಿಯ ನುನಾವುಟ್ ಎಂಬ ಆಡಳಿತ ಪ್ರದೇಶದಲ್ಲಿ. ವಿಸ್ತಾರದಲ್ಲಿ ಅದು ಕರ್ನಾಟಕದ ಹತ್ತು ಪಟ್ಟಿಗಿಂತ ದೊಡ್ಡದು, 2021ರ ಜನಗಣತಿಯಲ್ಲಿ ಇದ್ದದ್ದು ಸುಮಾರು 37,000 ಜನ. ಅರ್ಧಕ್ಕಿಂತ ಜಾಸ್ತಿ ಜನ ಸರ್ಕಾರದ ಬಾಡಿಗೆ ಮನೆಗಳಲ್ಲೇ ಇದ್ದಾರೆ. ನುನಾವುಟ್ ಸೇರಿ, ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟ್ ಜನರ ನಾಲ್ಕು ನಾಡುಗಳನ್ನು ಒಟ್ಟಿಗೆ ನೋಡಿದರೆ, ನೂರಕ್ಕೆ 53 ಇನ್ಯೂಟರು ಇಕ್ಕಟ್ಟಿನ ಮನೆಯಲ್ಲಿದ್ದಾರೆ ಎಂದು ಅದೇ ಜನಗಣತಿ ಹೇಳುತ್ತದೆ.

ಕಷ್ಟ ಏನು ಅಂದರೆ, ಮೊದಲನೆಯದು ಹಡಗು. ನುನಾವುಟ್‌ನ 25 ಊರುಗಳಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ವಿಮಾನದಲ್ಲಿ ಜನ ಹೋಗಬಹುದು, ತೊಲೆ, ಗೋಡೆಯ ಹಲಗೆ, ಕಿಟಕಿ ಎಲ್ಲ ವಿಮಾನದಲ್ಲಿ ತಂದರೆ ದಿವಾಳಿ. ಅದಕ್ಕೆ ಹಡಗೇ ಗತಿ. ಆ ಹಡಗು ಬರೋದು ಸಮುದ್ರದ ಮಂಜುಗಡ್ಡೆ ಕರಗಿದ ಮೇಲೆ, ಜುಲೈಯಿಂದ ಅಕ್ಟೋಬರ್ ತನಕ ಅಷ್ಟೇ. ಬಹಳಷ್ಟು ಊರಲ್ಲಿ ಹಡಗುಕಟ್ಟೆಯೂ ಇಲ್ಲ. ಹಡಗು ದೂರದಲ್ಲಿ ನಿಲ್ಲುತ್ತದೆ, ಸಾಮಾನನ್ನು ಚಪ್ಪಟೆ ದೋಣಿಗೆ ಇಳಿಸಿ, ಸಮುದ್ರದ ನೀರು ಏರುವ ಹೊತ್ತು ನೋಡಿಕೊಂಡು ದಡಕ್ಕೆ ತಳ್ಳಿಕೊಂಡು ಬರುತ್ತಾರೆ. ಮಳೆ ಹಿಡಿಯುವ ಮೊದಲೇ ಸೌದೆ, ಅಕ್ಕಿ, ಉಪ್ಪು ತುಂಬಿಸಿಕೊಳ್ಳುವ ಮಲೆನಾಡಿನ ಮನೆಗಳಿಗೆ ಈ ಅವಸರ ಗೊತ್ತು. ಆದರೆ ಮಲೆನಾಡಲ್ಲಿ ಏನಾದರೂ ಮರೆತರೆ ಕೊಡೆ ಹಿಡಿದು ಪೇಟೆಗೆ ಹೋಗಿ ಬರಬಹುದು. ಅಲ್ಲಿ ಒಂದು ಬಾಯ್ಲರ್ ಮರೆತರೆ, ಒಂದೋ ವಿಮಾನಕ್ಕೆ ಸಿಕ್ಕಾಪಟ್ಟೆ ದುಡ್ಡು, ಇಲ್ಲವೇ ಮುಂದಿನ ಬೇಸಿಗೆ ತನಕ ಮನೆಗೆ ಬೀಗ.

ಎರಡನೆಯದು ನೆಲ. ಒಳಗೆ ವರ್ಷಪೂರ್ತಿ ಹೆಪ್ಪುಗಟ್ಟಿದ ಮಣ್ಣು. ಮನೆಯ ಬಿಸಿ ತಾಗಿದರೆ ಕರಗಿ ಕುಸಿಯುತ್ತದೆ. ಹಾಗಾಗಿ ಉಕ್ಕಿನ ಕಂಬ ಇಳಿಸಿ, ಕೆಳಗೆ ಗಾಳಿಯಾಡೋ ಹಾಗೆ ಬಿಟ್ಟು, ಮೇಲೆ ಮನೆ ಕೂರಿಸಬೇಕು. ಖರ್ಚು ಜಾಸ್ತಿಯೇ, ಒಪ್ಪೋಣ.

ಆದರೆ ಚಳಿ, ಮಂಜು ಇವತ್ತಿನದಲ್ಲ. ನನ್ನ ಪ್ರಕಾರ ಅಸಲಿ ತೊಂದರೆ ದುಡ್ಡು ಬರುವ ರೀತಿಯಲ್ಲಿದೆ. 1993ರಲ್ಲಿ ಕೆನಡಾದ ಕೇಂದ್ರ ಸರ್ಕಾರ ಹೊಸ ಸರ್ಕಾರಿ ಮನೆಗಳಿಗೆ ಹಣ ಕೊಡೋದನ್ನೇ ನಿಲ್ಲಿಸಿತು. ನುನಾವುಟ್ ಬೇರೆಯಾಗಿದ್ದು 1999ರಲ್ಲಿ. ಅಂದರೆ ಹುಟ್ಟುವಾಗಲೇ ಮನೆಗಳ ಕೊರತೆ ಇದ್ದ ನಾಡು ಅದು. ಆಮೇಲೆ 2006ರಲ್ಲಿ ಒಂದೇ ಸಲ 20 ಕೋಟಿ ಡಾಲರ್. ಮತ್ತೆ ಕಾದು ಕಾದು 2013ರಲ್ಲಿ 10 ಕೋಟಿ. 2022ರ ಬಜೆಟ್‌ನಲ್ಲಿ ಇನ್ಯೂಟ್ ನಾಡುಗಳ ಮನೆಗಳಿಗೆಂದು ಏಳು ವರ್ಷಕ್ಕೆ 84.5 ಕೋಟಿ. ಅದೇ ವರ್ಷ ನುನಾವುಟ್ ಸರ್ಕಾರ 2030ರೊಳಗೆ 3,000 ಮನೆ ಎಂಬ ಯೋಜನೆ ಹೊರಡಿಸಿತು. ಹೀಗೆ ಒಮ್ಮೆ ಹೊಳೆ, ಒಮ್ಮೆ ಬರ. ದುಡ್ಡು ನಿಂತಾಗ ಕೆಲಸ ಕಲಿತ ಹುಡುಗರು ಬೇರೆ ದಾರಿ ಹಿಡಿಯುತ್ತಾರೆ, ಮತ್ತೆ ಬಂದಾಗ ದಕ್ಷಿಣದಿಂದ ಬಡಗಿಗಳನ್ನು ವಿಮಾನದಲ್ಲಿ ಕರೆಸಬೇಕು. ಅಲ್ಲಿಯೂ ನಮ್ಮ ಹಾಗೇ ಏಪ್ರಿಲ್‌ನಿಂದ ಮಾರ್ಚ್ ಲೆಕ್ಕದ ವರ್ಷ. ಬೇಸಿಗೆಯ ಹಡಗಿಗೆ ಸಾಮಾನು ಹೇರಬೇಕಾದರೆ ಚಳಿಗಾಲದಲ್ಲೇ ಆರ್ಡರ್ ಕೊಟ್ಟಿರಬೇಕು. ವಸಂತದಲ್ಲಿ ಬಜೆಟ್ ಓದಿ, ಕಾಗದ ಪತ್ರ ಓಡಾಡಿ, ಹಣ ಕೈಗೆ ಬರುವ ಹೊತ್ತಿಗೆ ಹಡಗು ಹೊರಟಿರುತ್ತದೆ. ಎರಡು ತಿಂಗಳು ತಡವಾಗಿದ್ದಕ್ಕೆ ಒಂದು ಸಂಸಾರ ಇನ್ನೊಂದು ಚಳಿಗಾಲ ಅದೇ ಇಕ್ಕಟ್ಟಿನಲ್ಲಿ ಕಳೆಯಬೇಕು.

ಇಕ್ಕಟ್ಟು ಅಂದರೆ ಸುಮ್ನೆ ಜಾಗ ಸಾಲದು ಅಂತಲ್ಲ. ಅಷ್ಟು ಜನರ ಉಸಿರು, ಅಡುಗೆಯ ಆವಿ, ಒಣಹಾಕಿದ ಬಟ್ಟೆಯ ತೇವ ಎಲ್ಲ ಹೋಗಿ ತಣ್ಣಗಿನ ಮೂಲೆಯಲ್ಲಿ, ಕಿಟಕಿಯ ಒಳಮೈಯಲ್ಲಿ ಮಂಜಾಗಿ ಕೂರುತ್ತದೆ. ಕರಗಿ ಇಳಿದ ಕಡೆ ಕಪ್ಪು ಬೂಸ್ಟು. ಒಬ್ಬರಿಗೆ ಕ್ಷಯ ಬಂದರೆ ಬೇರೆ ಮಲಗಿಸಲು ಇನ್ನೊಂದು ಕೋಣೆ ಇಲ್ಲ. ಇನ್ಯೂಟರಲ್ಲಿ ಕ್ಷಯ, ಕೆನಡಾದಲ್ಲೇ ಹುಟ್ಟಿದ, ಮೂಲನಿವಾಸಿಗಳಲ್ಲದ ಜನರಿಗಿಂತ ನೂರಾರು ಪಟ್ಟು ಜಾಸ್ತಿ. ಇದನ್ನು ಓದಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಮನೆ ಕಟ್ಟಿಸಿದರೆ ಅರ್ಧ ಔಷಧಿ ಕೊಟ್ಟ ಹಾಗೆ.

ಪ್ರಶ್ನೆ: ಇನ್ಯೂಟ್ ಜನ ಮೊದಲು ಹಿಮದ ಮನೆ, ಚರ್ಮದ ಡೇರೆಯಲ್ಲೇ ಇದ್ದರಲ್ವಾ? ಈಗ ಸರ್ಕಾರದ ಮನೆಯೇ ಯಾಕೆ ಬೇಕು?
- ತುಮಕೂರಿನ ಓದುಗರು

ಉತ್ತರ: ಇದ್ದರು, ಬೇಟೆಯ ಹಿಂದೆ ಜಾಗ ಬದಲಿಸುತ್ತಾ ಇದ್ದರು. ಒಂದೇ ಕಡೆ ನೆಲೆ ನಿಲ್ಲಿಸಿದ್ದು ಸರ್ಕಾರ. 1950, 60ರ ದಶಕಗಳಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಬೇಕು, ಆಸ್ಪತ್ರೆ ಇದೆ, ಮನೆ ಕೊಡುತ್ತೇವೆ ಎಂದು ಊರುಗಳಿಗೆ ಕರೆತಂದರು. ಬಂದು ನೋಡಿದರೆ ಮನೆ ಇಲ್ಲ. ಚಳಿಗಾಲವನ್ನೂ ಡೇರೆಯಲ್ಲೇ ಕಳೆದವರ ಮಾತುಗಳನ್ನು ಇನ್ಯೂಟರೇ ರಚಿಸಿಕೊಂಡ ಕಿಕಿಕ್ತಾನಿ ಸತ್ಯ ಆಯೋಗ ದಾಖಲಿಸಿದೆ. ಆಮೇಲೆ ಸಿಕ್ಕಿದ ಮೊದಲ ಮನೆಗಳು ಒಂದೇ ಕೋಣೆಯವು, ಜನ ಬೆಂಕಿಪೊಟ್ಟಣ ಅಂತಲೇ ಕರೆದರು. 1953ರಲ್ಲಂತೂ ಕ್ವಿಬೆಕ್‌ನ ಇನುಕ್ಜುವಾಕ್‌ನಿಂದ ಕೆಲವು ಕುಟುಂಬಗಳನ್ನು ಎತ್ತಿ ದೂರದ ಉತ್ತರದಲ್ಲಿರುವ ಗ್ರೀಸ್ ಫಿಯರ್ಡ್, ರೆಸಲ್ಯೂಟ್ ಎಂಬ ಜಾಗಗಳಿಗೆ ಬಿಟ್ಟರು. ಅದಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಹೀಗಿರುವಾಗ ಮನೆ ಕೇಳುವುದು ಭಿಕ್ಷೆ ಹೇಗಾಗುತ್ತದೆ? ಕೊಟ್ಟ ಮಾತು ನಡೆಸಿ ಅಂತ ಅವರು ಕೇಳುತ್ತಿರುವುದು.

ಪ್ರಶ್ನೆ: ನಮ್ಮ ಬಸವ ವಸತಿಯ ಹಾಗೆ ಕಂತಿನಲ್ಲಿ ದುಡ್ಡು ಕೊಟ್ಟರೆ ಅವರೇ ಕಟ್ಟಿಕೊಳ್ಳಲ್ವಾ?
- ಹೊಸಪೇಟೆಯ ಓದುಗರು

ಉತ್ತರ: ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಪಾಯ, ಗೋಡೆ, ಚಾವಣಿ ಅಂತ ಹಂತ ನೋಡಿ ಹಣ ಹಾಕುತ್ತಾರೆ, ಇಟ್ಟಿಗೆ ಮರಳು ಪಕ್ಕದೂರಲ್ಲಿ ಸಿಗುತ್ತದೆ. ಅಲ್ಲಿ ಕೈಗೆ ದುಡ್ಡು ಕೊಟ್ಟರೂ ಕೊಳ್ಳೋಕೆ ಅಂಗಡಿ ಇಲ್ಲ. ಆದರೆ 1980ರ ದಶಕದಲ್ಲಿ ಇದನ್ನೇ ಇನ್ನೊಂದು ರೀತಿ ಮಾಡಿದ್ದರು. ಸರ್ಕಾರ ಒಂದು ಮನೆಗೆ ಬೇಕಾದ ಸಾಮಾನನ್ನೆಲ್ಲ ಹಡಗಿನಲ್ಲಿ ಕಳಿಸುತ್ತಿತ್ತು, ಮನೆಯವರು ನೆಂಟರಿಷ್ಟರನ್ನು ಸೇರಿಸಿಕೊಂಡು ಕಟ್ಟಿಕೊಂಡರು. ಆ ಯೋಜನೆಯ ಇಂಗ್ಲಿಷ್ ಹೆಸರಿನ ಚುಟುಕು ರೂಪ ಹಿಡಿದು ಹ್ಯಾಪ್ ಮನೆ ಅಂತ ಈಗಲೂ ಜನ ನೆನೆಯುತ್ತಾರೆ, ಆ ಯೋಜನೆ ವಾಪಸ್ ಬರಲಿ ಎಂದು ಕೇಳುತ್ತಾರೆ. ನಾನೂ ಅದರ ಪರ. ಆದರೆ ಸ್ವಂತ ಮನೆಯಾದ ಮೇಲೆ ಬಿಸಿಗೆ ಸುಡುವ ಎಣ್ಣೆ, ಟ್ಯಾಂಕರ್ ನೀರು, ರಿಪೇರಿ ಎಲ್ಲ ಮನೆಯವರ ತಲೆ ಮೇಲೆ. ಬಾಡಿಗೆ ಮನೆಯಲ್ಲಿ ಅದೆಲ್ಲದರ ಬಹುಪಾಲು ಸರ್ಕಾರದ್ದು, ಬಾಡಿಗೆಯೂ ಸಂಪಾದನೆಗೆ ತಕ್ಕಷ್ಟು. ಹಾಗಾಗಿ ಸಾಮಾನು ಕಳಿಸಿ ಕೈತೊಳೆದುಕೊಂಡರೆ ಆಗಲ್ಲ. ಎಣ್ಣೆ ಖರ್ಚಿಗೂ ಬಾಯ್ಲರ್ ರಿಪೇರಿಗೂ ವರ್ಷ ವರ್ಷ ಇಷ್ಟು ಅಂತ ತೆಗೆದಿಡಬೇಕು.